ಹೊಸ ಮೈಕ್ರೋಬ್ಲಾಗಿಂಗ್ ತಾಣಗಳನ್ನು ಪ್ರಯೋಗಿಸಿ ನೋಡುವ ಕ್ರಮ

ಟ್ವಿಟರಿನಂತೆ ಪುಟ್ಟ ಪುಟ್ಟ ಬರಹಗಳನ್ನು ಹಂಚಿಕೊಳ್ಳುವ ಹೊಸ ಮೈಕ್ರೋಬ್ಲಾಗಿಂಗ್ ತಾಣವೊಂದು ತೆರೆದಾಗ ಪರಿಚಿತರಿಂದ ಆಹ್ವಾನಗಳು ಬರತೊಡಗುತ್ತವೆ. ಎರಡು ನಿಮಿಷದಲ್ಲಿ ಖಾತೆ ತೆರೆಯುತ್ತೇವೆ, ಎರಡು ದಿನ ಉತ್ಸಾಹದಿಂದ ಬರೆಯುತ್ತೇವೆ, ಎರಡು ವಾರ ಕಳೆಯುವಷ್ಟರಲ್ಲಿ ಆ ಆ್ಯಪ್ ಫೋನಿನ ಯಾವುದೋ ಮೂಲೆ ಸೇರಿರುತ್ತದೆ. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನೆಂಬ ಗಾದೆ ಇಂಥ ಸಂದರ್ಭಕ್ಕೆಂದೇ ಹುಟ್ಟಿದಂತಿದೆ. ಹೀಗೆ ಮಾಡುವ ಪ್ರಯೋಗದಿಂದ ತಾಣ ನಮಗೆ ಒಗ್ಗುತ್ತದೆಯೇ ಎಂಬುದು ತಿಳಿಯುವುದಿಲ್ಲ, ಆದರೆ ನಮ್ಮ ಇಮೇಲ್ ವಿಳಾಸ, ಫೋನ್ ಸಂಖ್ಯೆ, ಸಂಪರ್ಕಪಟ್ಟಿ ಮತ್ತು ಒಂದಿಷ್ಟು ಅರ್ಧಂಬರ್ಧ ಬರಹ ಅಲ್ಲಿಯೇ ಉಳಿದುಕೊಳ್ಳುತ್ತವೆ. ಹೊಸ ತಾಣವನ್ನಾಗಲಿ ಅದರ ಸುತ್ತ ಬಳಸುವ ಉಪಕರಣವನ್ನಾಗಲಿ ನಿಗದಿತ ಅವಧಿಯೊಳಗೆ ಕ್ರಮಬದ್ಧವಾಗಿ ಪರೀಕ್ಷಿಸಿ, ಉಳಿಯುವುದೋ ಬಿಡುವುದೋ ಎಂದು ತೀರ್ಮಾನಿಸುವ ಬಗೆಯನ್ನು ಈ ಬರಹ ವಿವರಿಸುತ್ತದೆ. ನಾನು ಅನುಸರಿಸುವ ಕ್ರಮದ ಮೊದಲ ಹೆಜ್ಜೆ ತುಸು ತಿರುಗುಮುರುಗಾಗಿ ಕಾಣಬಹುದು: ಖಾತೆ ತೆರೆಯುವ ಮುನ್ನವೇ ಹೊರಬರುವ ದಾರಿಯನ್ನು ನೋಡಿಕೊಳ್ಳುವುದು.

ಹೊರಬಾಗಿಲನ್ನು ಮೊದಲು ನೋಡಿ

ಈ ಎಚ್ಚರಿಕೆಗೆ ಕಾರಣವಿದೆ. ಮೈಕ್ರೋಬ್ಲಾಗಿಂಗ್‌ನ ಚರಿತ್ರೆಯಲ್ಲಿ ಬದುಕಿ ಉಳಿದ ತಾಣಗಳಿಗಿಂತ ಮುಚ್ಚಿಹೋದವುಗಳ ಪಟ್ಟಿಯೇ ಉದ್ದ. 2006ರಲ್ಲಿ ಟ್ವಿಟರ್ ಆರಂಭವಾದ ಬೆನ್ನಿಗೇ ಬಂದ ಪೌನ್ಸ್ 2008ರ ಕೊನೆಗೆ ಮುಚ್ಚಿತು. 2007ರಲ್ಲಿ ಗೂಗಲ್ ಖರೀದಿಸಿದ ಜೈಕು 2012ರ ಆರಂಭದಲ್ಲಿ ನಿಂತಿತು. ಜಾಹೀರಾತಿಲ್ಲದೆ ಬಳಕೆದಾರರ ಚಂದಾಹಣದಿಂದ ನಡೆಯಲು ಹೊರಟ ಆ್ಯಪ್ ಡಾಟ್ ನೆಟ್ 2017ರಲ್ಲಿ ಕೊನೆಗೊಂಡಿತು. ಗೂಗಲ್ ಪ್ಲಸ್‌ನಂತಹ ದೊಡ್ಡ ಸಂಸ್ಥೆಯ ತಾಣವೂ 2019ರ ಏಪ್ರಿಲ್‌ನಲ್ಲಿ ಸಾಮಾನ್ಯ ಬಳಕೆದಾರರ ಪಾಲಿಗೆ ಇಲ್ಲವಾಯಿತು. 2022ರ ಅಕ್ಟೋಬರ್‌ನಲ್ಲಿ ಟ್ವಿಟರ್‌ನ ಒಡೆತನ ಬದಲಾದ ಮೇಲೆ ಪರ್ಯಾಯಗಳ ಹುಡುಕಾಟ ಜೋರಾಯಿತು. ಆಗ ಹುಟ್ಟಿದ ಪೋಸ್ಟ್, ಪೆಬಲ್ ಎಂಬ ತಾಣಗಳು ಎರಡು ವರ್ಷವನ್ನೂ ಪೂರೈಸಲಿಲ್ಲ. ಕನ್ನಡದಲ್ಲಿ ಬರೆಯುವವರಿಗೆ ಚೆನ್ನಾಗಿ ಪರಿಚಿತವಾಗಿದ್ದ ‘ಕೂ’ ಎಂಬ ಭಾರತೀಯ ತಾಣ ಕೂಡ 2024ರ ಜುಲೈನಲ್ಲಿ ಸೇವೆ ನಿಲ್ಲಿಸುವುದಾಗಿ ಘೋಷಿಸಿತು. ಈ ಯಾವ ತಾಣದಲ್ಲೂ ಬಳಕೆದಾರರು ಮಾಡಿದ ತಪ್ಪೇನೂ ಇರಲಿಲ್ಲ, ಆದರೂ ಬರೆದುದನ್ನು ಮತ್ತು ಬೆಳೆಸಿಕೊಂಡ ಬಳಗವನ್ನು ಕಳೆದುಕೊಂಡವರು ಅವರೇ.

ಆದ್ದರಿಂದ ಹೊಸ ತಾಣದ ಬಗ್ಗೆ ಕೇಳಿದಾಗ ಅದರ ಸೌಲಭ್ಯಗಳ ವರ್ಣನೆಯನ್ನು ಬದಿಗಿಟ್ಟು, ಅದರ ಸಹಾಯ ಪುಟಗಳಲ್ಲಿ ಮೂರು ವಿಷಯಗಳನ್ನು ಹುಡುಕಿ ಓದಬೇಕು. ಬರೆದ ಪೋಸ್ಟ್‌ಗಳನ್ನು ಕಡತವಾಗಿ ಇಳಿಸಿಕೊಳ್ಳಲು ಸಾಧ್ಯವೇ ಎಂಬುದು ಮೊದಲನೆಯದು. ಹಿಂಬಾಲಿಸುವವರ ಬಳಗವನ್ನು ಇನ್ನೊಂದು ಕಡೆಗೆ ಒಯ್ಯಬಹುದೇ ಎಂಬುದು ಎರಡನೆಯದು. ಖಾತೆಯನ್ನು ಪೂರ್ತಿಯಾಗಿ ಅಳಿಸಲು ಏನು ಮಾಡಬೇಕು, ಅಳಿಸಿದರೆ ಬೇರೆ ಯಾವುದಾದರೂ ಖಾತೆ ಜೊತೆಗೇ ಹೋಗುತ್ತದೆಯೇ ಎಂಬುದು ಮೂರನೆಯದು. ಕೊನೆಯ ಪ್ರಶ್ನೆ ಅತಿಯಾದ ಅನುಮಾನದಂತೆ ತೋರಬಹುದು. ಆದರೆ 2023ರ ಜುಲೈನಲ್ಲಿ ಇನ್‌ಸ್ಟಾಗ್ರಾಂನ ಒಡೆತನದ ಸಂಸ್ಥೆಯೇ ತಂದ ಥ್ರೆಡ್ಸ್ ಎಂಬ ತಾಣ ಆರಂಭವಾದಾಗ ಅಲ್ಲಿನ ಪ್ರೊಫೈಲನ್ನು ಅಳಿಸಬೇಕೆಂದರೆ ಇನ್‌ಸ್ಟಾಗ್ರಾಂ ಖಾತೆಯನ್ನೇ ಅಳಿಸಬೇಕಿತ್ತು, ಪ್ರತ್ಯೇಕವಾಗಿ ಅಳಿಸುವ ಸೌಲಭ್ಯ ಬಂದದ್ದು ಅದೇ ವರ್ಷದ ನವೆಂಬರ್‌ನಲ್ಲಿ. ಐದು ದಿನಗಳೊಳಗೆ ಅಲ್ಲಿ ಖಾತೆ ತೆರೆದ ಹತ್ತು ಕೋಟಿ ಮಂದಿಯಲ್ಲಿ ಈ ನಿಯಮವನ್ನು ಮೊದಲೇ ಓದಿದವರು ಬಹಳ ಇದ್ದಿರಲಾರರು.

ತಾಣ ಯಾವ ಜಾತಿಯದು ಎಂಬುದು ತಿಳಿದರೆ ಈ ಪ್ರಶ್ನೆಗಳಿಗೆ ಅರ್ಧ ಉತ್ತರ ಸಿಕ್ಕಂತೆಯೇ. ಎಕ್ಸ್, ಅಂದರೆ ಹಿಂದಿನ ಟ್ವಿಟರ್, ಒಂದೇ ಸಂಸ್ಥೆಯ ಹಿಡಿತದಲ್ಲಿರುವ ತಾಣ. ಇಂಥಲ್ಲಿ ನಿಮ್ಮ ಬರಹದ ಪ್ರತಿಯನ್ನು ಪಡೆಯಬಹುದಾದರೂ ಹಿಂಬಾಲಕರನ್ನು ಕರೆದುಕೊಂಡು ಹೊರಡಲು ಬರುವುದಿಲ್ಲ. ಮ್ಯಾಸ್ಟೊಡಾನ್ ಎರಡನೆಯ ಬಗೆಯದು. 2016ರಲ್ಲಿ ಆಯಿಗೆನ್ ರೋಚ್ಕೊ ರೂಪಿಸಿದ ಈ ಮುಕ್ತ ತಂತ್ರಾಂಶವನ್ನು ಯಾರು ಬೇಕಾದರೂ ತಮ್ಮ ಸರ್ವರ್‌ನಲ್ಲಿ, ಅಂದರೆ ತಾಣವನ್ನು ಇರಿಸುವ ಕಂಪ್ಯೂಟರ್‌ನಲ್ಲಿ, ನಡೆಸಬಹುದು. ಜಾಲದ ಮಾನದಂಡಗಳನ್ನು ರೂಪಿಸುವ ವರ್ಲ್ಡ್ ವೈಡ್ ವೆಬ್ ಕನ್ಸಾರ್ಷಿಯಂ 2018ರ ಜನವರಿಯಲ್ಲಿ ಮಾನ್ಯ ಮಾಡಿದ ಆಕ್ಟಿವಿಟಿಪಬ್ ಎಂಬ ಸಂವಹನ ಕ್ರಮದ ಮೂಲಕ ಈ ಸರ್ವರ್‌ಗಳು ಪರಸ್ಪರ ಮಾತನಾಡುತ್ತವೆ, ಇಮೇಲ್ ಸೇವೆಗಳು ಬೇರೆಬೇರೆಯಾಗಿದ್ದರೂ ಪತ್ರ ಎಲ್ಲ ಕಡೆಗೂ ತಲುಪುವ ಹಾಗೆ. ಬ್ಲೂಸ್ಕೈ ತನ್ನದೇ ಆದ ಎಟಿ ಪ್ರೋಟೊಕಾಲ್ ಎಂಬ ವ್ಯವಸ್ಥೆಯ ಮೇಲೆ ನಿಂತಿದೆ. ಅಲ್ಲಿ ನಿಮ್ಮ ಗುರುತು ಮತ್ತು ಬರಹದ ಭಂಡಾರವನ್ನು ತಾಣದ ಮುಖಪುಟದಿಂದ ಬೇರ್ಪಡಿಸಿ ಇಟ್ಟಿರುವುದರಿಂದ, ಭಂಡಾರವನ್ನು ಬೇರೊಂದು ಸರ್ವರ್‌ಗೆ ಸಾಗಿಸುವುದು ತಾತ್ತ್ವಿಕವಾಗಿ ಮಾತ್ರವಲ್ಲದೆ ಕಾರ್ಯತಃ ಕೂಡ ಸಾಧ್ಯ, ಆದರೆ ಅದು ಹೊಸಬರು ಸುಲಭವಾಗಿ ಮಾಡುವ ಕೆಲಸವಲ್ಲ. ನಾಸ್ಟರ್ ಎಂಬ ಇನ್ನೊಂದು ವ್ಯವಸ್ಥೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಖಾತೆ ಎಂಬ ಕಲ್ಪನೆಯನ್ನೇ ತೆಗೆದುಹಾಕಿದೆ. ಅಲ್ಲಿ ಕೀಲಿ ಎಂದು ಕರೆಯುವ ಎರಡು ಉದ್ದನೆಯ ಸಂಕೇತಗಳು, ನಿಮ್ಮನ್ನು ಗುರುತಿಸುವ ಒಂದು ಸಾರ್ವಜನಿಕ ಕೀಲಿ, ನಿಮ್ಮ ಹೆಸರಿನಲ್ಲಿ ಬರೆಯಲು ಬೇಕಾದ ಒಂದು ಗುಪ್ತ ಕೀಲಿ ಇರುತ್ತವೆ ಅಷ್ಟೆ. ಗುಪ್ತ ಕೀಲಿ ಕಳೆದುಹೋದರೆ "ಪಾಸ್‌ವರ್ಡ್ ಮರೆತಿದ್ದೇನೆ" ಎಂದು ಯಾರ ಬಳಿಯೂ ಕೇಳುವಂತಿಲ್ಲ, ಅದು ಇನ್ನೊಬ್ಬರ ಕೈಗೆ ಸಿಕ್ಕರೆ ನಿಮ್ಮ ಹೆಸರಿನಲ್ಲಿ ಅವರು ಬರೆಯುವುದನ್ನು ತಡೆಯುವಂತೆಯೂ ಇಲ್ಲ.

ಒಂದು ಪ್ರಶ್ನೆ, ಒಂದು ಗಡುವು

ಪ್ರಯೋಗ ಎಂದ ಮೇಲೆ ಅದಕ್ಕೊಂದು ಪ್ರಶ್ನೆ ಇರಬೇಕು. "ಈ ತಾಣ ಹೇಗಿದೆ ನೋಡೋಣ" ಎಂಬುದು ಪ್ರಶ್ನೆಯಾಗುವುದಿಲ್ಲ. "ನಾನು ಆಸಕ್ತಿ ಇಟ್ಟಿರುವ ಪಕ್ಷಿವೀಕ್ಷಣೆಯ ಬಗ್ಗೆ ವಾರಕ್ಕೆ ಹತ್ತು ಒಳ್ಳೆಯ ಪೋಸ್ಟ್‌ಗಳಾದರೂ ಇಲ್ಲಿ ಸಿಗುತ್ತವೆಯೇ", "ನನ್ನ ಲೇಖನದ ಕೊಂಡಿಯನ್ನು ಹಂಚಿಕೊಂಡರೆ ಓದಿ ಪ್ರತಿಕ್ರಿಯಿಸುವವರು ಇಲ್ಲಿದ್ದಾರೆಯೇ", "ಹಳೆಯ ತಾಣದಲ್ಲಿ ನಾನು ನಿಜವಾಗಿ ಮಾತನಾಡುತ್ತಿದ್ದ ಹದಿನೈದು ಮಂದಿಯಲ್ಲಿ ಎಷ್ಟು ಜನ ಇಲ್ಲಿಗೆ ಬಂದಿದ್ದಾರೆ" ಎಂಬಂಥವು ಪ್ರಶ್ನೆಗಳು. ಇವುಗಳಲ್ಲಿ ಒಂದನ್ನು ಕಾಗದದ ಮೇಲೆ ಬರೆದು, ಪಕ್ಕದಲ್ಲಿ ದಿನಾಂಕ ಹಾಕಿ, ಅಲ್ಲಿಂದ ನಾಲ್ಕು ವಾರಗಳ ನಂತರದ ದಿನವನ್ನು ಗಡುವಾಗಿ ಗುರುತಿಸಬೇಕು. ಒಂದು ವಾರ ಸಾಲದು, ಏಕೆಂದರೆ ಮೊದಲ ವಾರ ಎಲ್ಲ ತಾಣಗಳೂ ಖಾಲಿಯಾಗಿ ಕಾಣುತ್ತವೆ. ಮೂರು ತಿಂಗಳು ಹೆಚ್ಚಾಯಿತು, ಏಕೆಂದರೆ ಅಷ್ಟರಲ್ಲಿ ಅಭ್ಯಾಸ ಬೇರೂರಿ ತೀರ್ಮಾನ ಮಾಡುವ ಶಕ್ತಿಯೇ ಉಡುಗಿರುತ್ತದೆ. ಒಂದೇ ಕಾಲದಲ್ಲಿ ಎರಡಕ್ಕಿಂತ ಹೆಚ್ಚು ತಾಣಗಳನ್ನು ಪರೀಕ್ಷಿಸುವುದೂ ಸಲ್ಲದು. ಹಾಗೆ ಮಾಡಿದರೆ ನಾವು ಪರೀಕ್ಷಿಸುವುದು ತಾಣವನ್ನಲ್ಲ, ನಮ್ಮ ತಾಳ್ಮೆಯನ್ನು.

ಖಾತೆ ತೆರೆಯುವಾಗ

ಖಾತೆ ತೆರೆಯುವ ಕೆಲಸವನ್ನು ಫೋನಿನ ಆ್ಯಪ್‌ನಲ್ಲಿ ಮಾಡದೆ ಕಂಪ್ಯೂಟರ್‌ನ ಅಥವಾ ಫೋನಿನ ಬ್ರೌಸರ್‌ನಲ್ಲಿ ಮಾಡುವುದು ಒಳ್ಳೆಯದು. ಬ್ರೌಸರ್‌ಗೆ ನಿಮ್ಮ ಸಂಪರ್ಕಪಟ್ಟಿ ತಾನಾಗಿ ಕಾಣುವುದಿಲ್ಲ, ಹಲವು ಆ್ಯಪ್‌ಗಳು ಮಾತ್ರ ಆರಂಭದಲ್ಲೇ ಅದನ್ನು ಕೇಳುತ್ತವೆ. ಸಂಪರ್ಕಪಟ್ಟಿಯನ್ನು ಕೊಡುವುದೆಂದರೆ ಆ ತಾಣದ ಹೆಸರನ್ನೇ ಕೇಳದ ನೂರಾರು ಜನರ ಫೋನ್ ಸಂಖ್ಯೆಗಳನ್ನು ಅವರ ಒಪ್ಪಿಗೆಯಿಲ್ಲದೆ ಕೊಟ್ಟಂತೆ, ಆದ್ದರಿಂದ ಪ್ರಯೋಗದ ಅವಧಿಯಲ್ಲಂತೂ ನಿರಾಕರಿಸಿ. ಪ್ರತಿ ತಾಣದ ಪ್ರಯೋಗಕ್ಕೂ ಪ್ರತ್ಯೇಕ ಇಮೇಲ್ ವಿಳಾಸವನ್ನು ಇಟ್ಟುಕೊಂಡರೆ, ಮುಂದೆ ಯಾವ ತಾಣದಿಂದ ವಿಳಾಸ ಸೋರಿತು ಎಂಬುದೂ ತಿಳಿಯುತ್ತದೆ, ಬೇಡವಾದ ಅಂಚೆ ಮುಖ್ಯ ಪೆಟ್ಟಿಗೆಗೂ ಬರುವುದಿಲ್ಲ. ಪಾಸ್‌ವರ್ಡ್ ಬೇರೆಲ್ಲಿಯೂ ಬಳಸದಂಥದ್ದಾಗಿರಲಿ, ಎರಡು ಹಂತದ ಪರಿಶೀಲನೆ ಇದ್ದರೆ ಮೊದಲ ದಿನವೇ ಚಾಲನೆ ಮಾಡಿ, ಅದರ ಮರುಪಡೆಯುವ ಸಂಕೇತಗಳನ್ನು ಫೋನಿನ ಹೊರಗೆ ಎಲ್ಲಾದರೂ ಬರೆದಿಡಿ.

ಹೆಸರಿನ ವಿಷಯದಲ್ಲಿ ಒಂದು ಮಾತು. ಉಳಿಯುವ ಉದ್ದೇಶ ಇಲ್ಲದಿದ್ದರೂ, ನೀವು ಬೇರೆಡೆ ಬಳಸುತ್ತಿರುವ ಹ್ಯಾಂಡಲ್ (ಖಾತೆಯ ಬಳಕೆದಾರ ಹೆಸರು) ಅನ್ನೇ ಇಲ್ಲಿಯೂ ಪಡೆದಿಟ್ಟರೆ ಇನ್ನೊಬ್ಬರು ನಿಮ್ಮಂತೆ ನಟಿಸುವ ಅವಕಾಶ ಕಡಿಮೆಯಾಗುತ್ತದೆ. ಸ್ವಂತ ಜಾಲತಾಣ ಉಳ್ಳವರಿಗೆ ಇದಕ್ಕಿಂತ ಗಟ್ಟಿಯಾದ ಉಪಾಯಗಳಿವೆ. ಬ್ಲೂಸ್ಕೈನಲ್ಲಿ ಸ್ವಂತ ಡೊಮೇನ್ ಹೆಸರನ್ನೇ (ಜಾಲತಾಣದ ವಿಳಾಸವನ್ನೇ) ಹ್ಯಾಂಡಲ್ ಆಗಿ ಇಟ್ಟುಕೊಳ್ಳಬಹುದು. ಮ್ಯಾಸ್ಟೊಡಾನ್‌ನಲ್ಲಿ ಜಾಲತಾಣದ ವಿಳಾಸವನ್ನು ಪ್ರೊಫೈಲ್‌ನಲ್ಲಿ ಬರೆದು, ಆ ಜಾಲತಾಣದಿಂದ ಪ್ರೊಫೈಲ್‌ಗೆ ನಿಗದಿತ ರೀತಿಯ ಕೊಂಡಿಯೊಂದನ್ನು ಕೊಟ್ಟರೆ ವಿಳಾಸ ಹಸಿರು ಬಣ್ಣದಲ್ಲಿ ದೃಢೀಕೃತವಾಗಿ ಕಾಣುತ್ತದೆ. ಎರಡಕ್ಕೂ ಹಣ ಕೊಡಬೇಕಾಗಿಲ್ಲ, ಗುರುತಿನ ಚೀಟಿಯನ್ನೂ ತೋರಿಸಬೇಕಾಗಿಲ್ಲ.

ಮ್ಯಾಸ್ಟೊಡಾನ್‌ಗೆ ಹೋಗುವವರು ಸರ್ವರ್ ಆಯ್ಕೆಯ ಮುಂದೆ ನಿಂತು ಗಾಬರಿಯಾಗುವುದುಂಟು. ಯಾವ ಸರ್ವರ್‌ನಲ್ಲಿದ್ದರೂ ಬೇರೆ ಸರ್ವರ್‌ನವರನ್ನು ಹಿಂಬಾಲಿಸಲು ಬರುವುದರಿಂದ ಇಲ್ಲಿ ಪರಿಪೂರ್ಣ ಆಯ್ಕೆಯ ಅಗತ್ಯವಿಲ್ಲ. ಮೂರು ಸಂಗತಿಗಳನ್ನು ನೋಡಿದರೆ ಸಾಕು: ಸರ್ವರ್‌ನ ನಿಯಮಗಳು ಸ್ಪಷ್ಟವಾಗಿ ಬರೆದಿವೆಯೇ, ಅದನ್ನು ಒಬ್ಬರೇ ನಡೆಸುತ್ತಿದ್ದಾರೆಯೇ ಅಥವಾ ತುರ್ತಿಗೆ ಇನ್ನೊಬ್ಬರಿದ್ದಾರೆಯೇ, ಅದು ಯಾವ ಯಾವ ಸರ್ವರ್‌ಗಳ ಜೊತೆ ಸಂಪರ್ಕ ಕಡಿದುಕೊಂಡಿದೆ. ಮ್ಯಾಸ್ಟೊಡಾನ್‌ನ ಅಧಿಕೃತ ಪಟ್ಟಿಯಲ್ಲಿ ಸೇರಬೇಕಾದರೆ ಸರ್ವರ್ ನಡೆಸುವವರು ಪ್ರತಿದಿನ ದತ್ತಾಂಶದ ನಕಲನ್ನು ತೆಗೆದಿಡುವುದಾಗಿಯೂ, ಮುಚ್ಚುವುದಾದರೆ ಕನಿಷ್ಠ 3 ತಿಂಗಳು ಮೊದಲೇ ತಿಳಿಸುವುದಾಗಿಯೂ ಒಪ್ಪಿಕೊಂಡಿರಬೇಕು. ಆ ಪಟ್ಟಿಯಿಂದ ಒಂದನ್ನು ಆರಿಸಿದರೆ ಪ್ರಯೋಗಕ್ಕೆ ಸಾಕಷ್ಟು ಭದ್ರತೆ ಸಿಕ್ಕಂತಾಯಿತು.

ಮೊದಲ ವಾರ ಬರೆಯಬೇಡಿ

ಹೆಚ್ಚಿನವರು ಹೊಸ ತಾಣದಲ್ಲಿ ಮೊದಲು ಮಾಡುವ ಕೆಲಸ "ಎಲ್ಲರಿಗೂ ನಮಸ್ಕಾರ, ನಾನೂ ಬಂದೆ" ಎಂದು ಬರೆಯುವುದು. ಅದನ್ನು ಓದುವವರು ಯಾರೂ ಇರುವುದಿಲ್ಲ, ಮೌನವೇ ಪ್ರತ್ಯುತ್ತರವಾಗಿ ಬರುತ್ತದೆ, "ಇಲ್ಲಿ ಜನರೇ ಇಲ್ಲ" ಎಂಬ ಅಭಿಪ್ರಾಯ ಮೊದಲ ದಿನವೇ ಗಟ್ಟಿಯಾಗುತ್ತದೆ. ಮೊದಲ ವಾರವನ್ನು ಓದುವುದಕ್ಕೆ ಮತ್ತು ಹಿಂಬಾಲಿಸುವುದಕ್ಕೆ ಮೀಸಲಿಡಬೇಕು. ಮೈಕ್ರೋಬ್ಲಾಗ್‌ನ ಟೈಮ್‌ಲೈನ್, ಅಂದರೆ ನಿಮ್ಮ ಮುಂದೆ ಬರುವ ಪೋಸ್ಟ್‌ಗಳ ಸಾಲು, ಬಹುಪಾಲು ನೀವು ಹಿಂಬಾಲಿಸುವವರ ಮೊತ್ತ. ಹತ್ತು ಜನರನ್ನು ಹಿಂಬಾಲಿಸಿ ತಾಣವನ್ನು ಅಳೆಯುವುದು ಹತ್ತು ಪುಟ ಓದಿ ಗ್ರಂಥಾಲಯವನ್ನು ಅಳೆದಂತೆ. ನನ್ನ ಅನುಭವದಲ್ಲಿ ಅರುವತ್ತರಿಂದ ನೂರು ಸಕ್ರಿಯ ಖಾತೆಗಳನ್ನು ಹಿಂಬಾಲಿಸುವ ತನಕ ಯಾವ ತಾಣವೂ ತನ್ನ ನಿಜರೂಪವನ್ನು ತೋರಿಸುವುದಿಲ್ಲ. ಇದರಲ್ಲಿ "ಸಕ್ರಿಯ" ಎಂಬ ಮಾತು ಮುಖ್ಯ: ಹೆಸರುವಾಸಿಯಾದವರ ಖಾತೆಯನ್ನು ಹಿಂಬಾಲಿಸುವ ಮುನ್ನ ಅವರ ಕೊನೆಯ ಪೋಸ್ಟ್ ಯಾವ ದಿನಾಂಕದ್ದು ಎಂದು ನೋಡಿ. ಅನೇಕರು ಹೆಸರು ಕಾದಿರಿಸಿ ಹೋದವರು, ಮರಳಿ ಬಂದವರಲ್ಲ.

ಜನರನ್ನು ಹುಡುಕುವ ದಾರಿ ತಾಣದಿಂದ ತಾಣಕ್ಕೆ ಬೇರೆ. ಎಕ್ಸ್ ಮತ್ತು ಥ್ರೆಡ್ಸ್‌ನಲ್ಲಿ ಗಣಕಸೂತ್ರ (ಅಲ್ಗಾರಿದಂ) ತಾನೇ ಅಪರಿಚಿತರ ಪೋಸ್ಟ್‌ಗಳನ್ನು ತಂದು ಮುಂದಿಡುತ್ತದೆ. ನೀವು ಯಾವುದರ ಮೇಲೆ ನಿಂತಿರಿ, ಯಾವುದಕ್ಕೆ ಮೆಚ್ಚುಗೆ ಒತ್ತಿದಿರಿ ಎಂಬುದನ್ನು ಅದು ಗಮನಿಸುವುದರಿಂದ ಮೊದಲ ದಿನಗಳಲ್ಲಿ ಕೋಪ ಬರಿಸುವ ಪೋಸ್ಟ್‌ಗಳಿಗೆ ಉತ್ತರಿಸುತ್ತಾ ಕೂತರೆ ಮುಂದೆ ಅಂಥವೇ ಬರುತ್ತವೆ. ಮ್ಯಾಸ್ಟೊಡಾನ್‌ನಲ್ಲಿ ಅಂಥ ಸೂತ್ರವಿಲ್ಲ, ನೀವು ಹಿಂಬಾಲಿಸುವವರ ಬರಹ ಕಾಲಾನುಕ್ರಮದಲ್ಲಿ ಬರುತ್ತದೆ. ಅಲ್ಲಿ ವ್ಯಕ್ತಿಗಳ ಜೊತೆಗೆ ಹ್ಯಾಶ್‌ಟ್ಯಾಗ್‌ಗಳನ್ನೂ ಹಿಂಬಾಲಿಸಬಹುದು, ಆರಂಭದ ಒಣಗಾಲವನ್ನು ದಾಟಲು ಇದೇ ಉತ್ತಮ ಉಪಾಯ. ಬ್ಲೂಸ್ಕೈನಲ್ಲಿ ಬಳಕೆದಾರರೇ ಜೋಡಿಸಿದ ಸ್ಟಾರ್ಟರ್ ಪ್ಯಾಕ್ ಎಂಬ ಪಟ್ಟಿಗಳಿವೆ, ವಿಷಯಾನುಸಾರ ಯಾರಾದರೂ ರೂಪಿಸಬಹುದಾದ ಫೀಡ್‌ಗಳೂ, ಅಂದರೆ ಪೋಸ್ಟ್‌ಗಳ ಸಾಲುಗಳೂ, ಇವೆ. ಪಟ್ಟಿಯಲ್ಲಿರುವ ಎಲ್ಲರನ್ನೂ ಒಂದೇ ಗುಂಡಿಯೊತ್ತಿ ಹಿಂಬಾಲಿಸುವ ಸೌಲಭ್ಯವಿದ್ದರೂ, ಹೆಸರು ನೋಡಿ ಒಬ್ಬೊಬ್ಬರನ್ನೇ ಆರಿಸುವುದು ಮೇಲು.

ನೋಟಿಫಿಕೇಷನ್‌ಗಳನ್ನು ಈ ಹಂತದಲ್ಲಿ ಒಟ್ಟಾರೆಯಾಗಿ ನಿಲ್ಲಿಸಿಬಿಡಿ. ಹೊಸ ತಾಣ ನಿಮ್ಮನ್ನು ಮರಳಿ ಕರೆಯುವುದಕ್ಕೆ ಹಾತೊರೆಯುತ್ತಿರುತ್ತದೆ, "ಇಂಥವರು ಏನೋ ಬರೆದಿದ್ದಾರೆ" ಎಂಬ ಸಂದೇಶಗಳ ಸುರಿಮಳೆಯಾಗುತ್ತದೆ. ಕರೆಯದೆಯೂ ನೀವು ಎಷ್ಟು ಸಲ ಅಲ್ಲಿಗೆ ಹೋಗುತ್ತೀರಿ ಎಂಬುದೇ ನಾವು ತಿಳಿಯಬೇಕಾದ ವಿಷಯ.

ಕನ್ನಡ ಅಕ್ಷರಗಳಿಗೆ ಅಲ್ಲಿ ಎಷ್ಟು ಜಾಗ

ಎರಡನೆಯ ವಾರದಲ್ಲಿ ಬರೆಯತೊಡಗಿ. ಆಗ ಮೊದಲು ಎದುರಾಗುವುದು ಅಕ್ಷರಮಿತಿ. ಟ್ವಿಟರ್‌ನ ಮೂಲ ಮಿತಿ 140 ಆಗಿದ್ದುದು 160 ಅಕ್ಷರಗಳ ಎಸ್‌ಎಂಎಸ್‌ನಲ್ಲಿ 20ನ್ನು ಬಳಕೆದಾರರ ಹೆಸರಿಗೆ ಬಿಟ್ಟುದರಿಂದ. 2017ರಲ್ಲಿ ಅದು 280 ಆಯಿತು. ಬ್ಲೂಸ್ಕೈನಲ್ಲಿ 300, ಥ್ರೆಡ್ಸ್‌ನಲ್ಲಿ 500, ಮ್ಯಾಸ್ಟೊಡಾನ್‌ನಲ್ಲಿ ಸಾಮಾನ್ಯವಾಗಿ 500, ಆದರೆ ಸರ್ವರ್ ನಡೆಸುವವರು ಅದನ್ನು ಹೆಚ್ಚಿಸಿರುವುದೂ ಉಂಟು. ಈ ಸಂಖ್ಯೆಗಳನ್ನು ಹೀಗೆಯೇ ಹೋಲಿಸಿದರೆ ಕನ್ನಡದಲ್ಲಿ ಬರೆಯುವವರು ಮೋಸಹೋಗುತ್ತಾರೆ, ಏಕೆಂದರೆ ಎಣಿಸುವ ಕ್ರಮವೇ ಬೇರೆಬೇರೆ. "ಸ್ತ್ರೀ" ಎಂಬುದು ನಮ್ಮ ಕಣ್ಣಿಗೆ ಒಂದೇ ಅಕ್ಷರ. ಕಂಪ್ಯೂಟರ್ ಅಕ್ಷರಗಳನ್ನು ಗುರುತಿಸುವ ಯೂನಿಕೋಡ್ ಕ್ರಮದಲ್ಲಿ ಅದು ಸಕಾರ, ಹಲಂತ ಚಿಹ್ನೆ, ತಕಾರ, ಮತ್ತೊಂದು ಹಲಂತ ಚಿಹ್ನೆ, ರಕಾರ, ದೀರ್ಘ ಈಕಾರದ ಚಿಹ್ನೆ ಎಂದು ಆರು ಘಟಕಗಳಾಗಿ ಕೂತಿರುತ್ತದೆ. ಎಕ್ಸ್ ಆ ಆರನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. ಬ್ಲೂಸ್ಕೈ ಮತ್ತು ಮ್ಯಾಸ್ಟೊಡಾನ್‌ಗಳು ವ್ಯಂಜನವನ್ನೂ ಅದಕ್ಕೆ ಅಂಟಿದ ಚಿಹ್ನೆಯನ್ನೂ ಕೂಡಿಸಿ ಒಂದೆಂದು ಎಣಿಸುವುದರಿಂದ ಅದೇ ಅಕ್ಷರ ಅಲ್ಲಿ ಕಡಿಮೆ ಜಾಗ ತಿನ್ನುತ್ತದೆ. ಆದ್ದರಿಂದ 280ಕ್ಕೂ 300ಕ್ಕೂ ನಡುವೆ ಕಾಗದದ ಮೇಲೆ ಕಾಣುವ 20ರ ವ್ಯತ್ಯಾಸ ಕನ್ನಡದ ಬರಹದಲ್ಲಿ ಒಂದೆರಡು ಇಡೀ ವಾಕ್ಯಗಳಷ್ಟಾಗಬಹುದು. ನಿಮ್ಮ ಹಳೆಯ ಪೋಸ್ಟ್ ಒಂದನ್ನು ಹೊಸ ತಾಣದ ಬರೆಯುವ ಪೆಟ್ಟಿಗೆಯಲ್ಲಿ ಅಂಟಿಸಿ, ಎಣಿಕೆ ಎಷ್ಟು ತೋರಿಸುತ್ತದೆ ಎಂದು ನೋಡಿದರೆ ಅರ್ಧ ನಿಮಿಷದಲ್ಲಿ ವಿಷಯ ತಿಳಿಯುತ್ತದೆ.

ಅಲ್ಲಿಯೇ ಇನ್ನೂ ಮೂರು ಪರೀಕ್ಷೆಗಳನ್ನು ಮಾಡಿಬಿಡಬಹುದು. ಕನ್ನಡ ಹ್ಯಾಶ್‌ಟ್ಯಾಗ್ ಬರೆದು ಪ್ರಕಟಿಸಿ, ಕೊಂಡಿ ಇಡೀ ಪದಕ್ಕೆ ಬಂದಿದೆಯೇ ಅಥವಾ ಮೊದಲ ಒತ್ತಕ್ಷರದ ಬಳಿ ಕಡಿದುಹೋಗಿದೆಯೇ ಎಂದು ನೋಡಿ, ಸಣ್ಣ ಉಪಕರಣಗಳಲ್ಲಿ ಇದು ಇಂದಿಗೂ ಕಾಣುವ ದೋಷ. ಅದೇ ಪದವನ್ನು ಹುಡುಕು ಪೆಟ್ಟಿಗೆಯಲ್ಲಿ ಹಾಕಿ, ನಿಮ್ಮ ಪೋಸ್ಟ್ ಬರುತ್ತದೆಯೇ ಎಂದು ನೋಡಿ. ಮೂರನೆಯದಾಗಿ ಪೋಸ್ಟಿನ ಭಾಷೆಯನ್ನು ಗುರುತಿಸುವ ಗುಂಡಿ. ಮ್ಯಾಸ್ಟೊಡಾನ್ ಮತ್ತು ಬ್ಲೂಸ್ಕೈಗಳಲ್ಲಿ ಬರೆಯುವ ಪೆಟ್ಟಿಗೆಯ ಕೆಳಗೆ ಭಾಷೆಯ ಹೆಸರು ಇರುತ್ತದೆ, ಹಲವರು ಅದನ್ನು ಗಮನಿಸದೆ ಇಂಗ್ಲಿಷ್ ಎಂಬ ಗುರುತಿನಡಿ ಕನ್ನಡ ಬರೆಯುತ್ತಾರೆ. ಕನ್ನಡ ಪೋಸ್ಟ್‌ಗಳನ್ನು ಮಾತ್ರ ನೋಡಬಯಸುವವರ ಸೋಸುಕಕ್ಕೆ (ಫಿಲ್ಟರ್‌ಗೆ) ಆ ಬರಹ ಸಿಕ್ಕುವುದೇ ಇಲ್ಲ. "ಇಲ್ಲಿ ಕನ್ನಡದವರು ಇಲ್ಲ" ಎಂಬ ದೂರಿನಲ್ಲಿ ಒಂದು ಪಾಲು ಈ ಗುಂಡಿಯಿಂದ ಹುಟ್ಟಿದ್ದೆಂದು ನನ್ನ ಅನುಮಾನ.

ಚಿತ್ರ ಹಾಕುವಾಗ ಅದರ ವಿವರಣೆಯನ್ನು ಬರೆಯುವ ಜಾಗ ಎಲ್ಲಿದೆ ಎಂದೂ ನೋಡಿಕೊಳ್ಳಿ. ದೃಷ್ಟಿದೋಷ ಉಳ್ಳವರು ಪರದೆ ಓದುವ ತಂತ್ರಾಂಶದ ಮೂಲಕ ಆ ವಿವರಣೆಯನ್ನು ಕೇಳುತ್ತಾರೆ. ಮ್ಯಾಸ್ಟೊಡಾನ್‌ನಲ್ಲಿ ವಿವರಣೆಯಿಲ್ಲದ ಚಿತ್ರವನ್ನು ಅಸಭ್ಯತೆಯೆಂದೇ ತಿಳಿಯುವವರು ಅನೇಕರಿದ್ದಾರೆ. ಪ್ರತಿ ತಾಣಕ್ಕೂ ಇಂಥ ಅಲಿಖಿತ ನಡವಳಿಕೆಗಳಿರುತ್ತವೆ, ಓದುತ್ತಾ ಕಳೆದ ಮೊದಲ ವಾರ ಅದಕ್ಕೂ ನೆರವಾಗುತ್ತದೆ.

ಗುಟ್ಟು ಎಷ್ಟು ಗುಟ್ಟು

ಈ ಪರೀಕ್ಷೆಗೆ ಸ್ನೇಹಿತರೊಬ್ಬರ ನೆರವು ಬೇಕು. ಇಬ್ಬರೂ ಖಾತೆ ತೆರೆದು, ಒಬ್ಬರು ಇನ್ನೊಬ್ಬರನ್ನು ಮ್ಯೂಟ್ ಮಾಡಿ (ಅವರ ಪೋಸ್ಟ್ ನಮಗೆ ಕಾಣದಂತೆ ಮಾಡಿ), ಬ್ಲಾಕ್ ಮಾಡಿ, ನೇರ ಸಂದೇಶ ಕಳಿಸಿ, ಪೋಸ್ಟ್ ಅಳಿಸಿ, ಎದುರಿನವರ ಪರದೆಯಲ್ಲಿ ಏನು ಕಾಣುತ್ತದೆ ಎಂಬುದನ್ನು ನೋಡಬೇಕು. ಅರ್ಧ ಗಂಟೆಯ ಈ ಕೆಲಸ ಸಹಾಯ ಪುಟಗಳನ್ನು ಓದುವುದಕ್ಕಿಂತ ಹೆಚ್ಚನ್ನು ಕಲಿಸುತ್ತದೆ. ಮ್ಯಾಸ್ಟೊಡಾನ್‌ನಲ್ಲಿ ಖಾಸಗಿ ಸಂದೇಶವೆಂದರೆ ಹೆಸರಿಸಿದವರಿಗೆ ಮಾತ್ರ ಕಾಣುವ ಪೋಸ್ಟ್, ಆದ್ದರಿಂದ ಅಂಥ ಸಂದೇಶದಲ್ಲಿ ಮೂರನೆಯವರೊಬ್ಬರ ಹ್ಯಾಂಡಲ್ ಬರೆದು ಅವರ ಬಗ್ಗೆ ಮಾತನಾಡಿದರೆ ಆ ಸಂದೇಶ ಅವರಿಗೂ ತಲುಪುತ್ತದೆ. ಅದು ಆದ್ಯಂತ ಗೂಢಲಿಪೀಕರಣಗೊಂಡದ್ದೂ, ಅಂದರೆ ಕಳಿಸಿದವರು ಮತ್ತು ಪಡೆದವರು ಮಾತ್ರ ಓದಬಹುದಾದದ್ದೂ, ಅಲ್ಲ, ಸರ್ವರ್ ನಡೆಸುವವರು ಬಯಸಿದರೆ ಓದಬಹುದು. ಬ್ಲೂಸ್ಕೈನಲ್ಲಿ ನೀವು ಯಾರನ್ನು ಬ್ಲಾಕ್ ಮಾಡಿದ್ದೀರಿ ಎಂಬುದು ಸಾರ್ವಜನಿಕ ಮಾಹಿತಿ, ಮ್ಯೂಟ್ ಮಾತ್ರ ಖಾಸಗಿ. ಬೇರೆಬೇರೆ ಸರ್ವರ್‌ಗಳಿಗೆ ಹರಡುವ ತಾಣಗಳಲ್ಲಿ ಪೋಸ್ಟ್ ಅಳಿಸಿದಾಗ ಉಳಿದ ಸರ್ವರ್‌ಗಳಿಗೆ ಅಳಿಸುವ ಕೋರಿಕೆ ಹೋಗುತ್ತದೆ, ಪಾಲಿಸುವುದು ಆ ಸರ್ವರ್‌ಗಳಿಗೆ ಬಿಟ್ಟದ್ದು. ಹಾಗಾಗಿ ಎಲ್ಲಿಯೇ ಆಗಲಿ, ನಿಜವಾದ ಗುಟ್ಟುಗಳನ್ನು ಹೇಳುವುದಕ್ಕೆ ಮೈಕ್ರೋಬ್ಲಾಗಿನ ಸಂದೇಶಪೆಟ್ಟಿಗೆ ಸೂಕ್ತ ಜಾಗವಲ್ಲ.

ಸುತ್ತಲಿನ ಉಪಕರಣಗಳು

ತಾಣಗಳು ಹೆಚ್ಚಿದಂತೆ ಅವುಗಳ ಮೇಲೆ ಕೆಲಸ ಮಾಡುವ ಉಪಕರಣಗಳೂ ಹೆಚ್ಚುತ್ತವೆ: ಪೋಸ್ಟನ್ನು ಮುಂದಿನ ಸಮಯಕ್ಕೆ ನಿಗದಿ ಮಾಡುವ ಬಫರ್, ಹೂಟ್‌ಸ್ವೀಟ್‌ನಂಥವು, ಹಲವು ಖಾತೆಗಳನ್ನು ಒಂದೇ ಪರದೆಯಲ್ಲಿ ತೋರಿಸುವ ಆ್ಯಪ್‌ಗಳು, ಒಂದು ಕಡೆ ಬರೆದದ್ದನ್ನು ಇನ್ನೊಂದು ಕಡೆ ಮರುಪ್ರಕಟಿಸುವ ಸೇವೆಗಳು, ಬ್ಲೂಸ್ಕೈ ಮತ್ತು ಮ್ಯಾಸ್ಟೊಡಾನ್ ಜಗತ್ತುಗಳ ನಡುವೆ ಸೇತುವೆಯಾಗುವ ಬ್ರಿಡ್ಜಿ ಫೆಡ್‌ನಂಥವು. ಇವುಗಳ ಬಗ್ಗೆ ನನ್ನ ನಿಯಮ ಸರಳ. ತಾಣವನ್ನು ಕೈಯಿಂದ ಬಳಸಿ ಮೂರು ವಾರವಾಗುವ ತನಕ ಯಾವ ಉಪಕರಣವನ್ನೂ ಜೋಡಿಸುವುದಿಲ್ಲ, ಏಕೆಂದರೆ ಸ್ವಯಂಚಾಲಿತವಾಗಿ ಬರೆದು, ಎಂದೂ ಒಳಹೋಗಿ ಓದದೆ, "ಪ್ರತಿಕ್ರಿಯೆ ಬರಲಿಲ್ಲ" ಎಂದು ತೀರ್ಮಾನಿಸಿದರೆ ಅದು ತಾಣದ ಪರೀಕ್ಷೆಯಾಗುವುದಿಲ್ಲ.

ಜೋಡಿಸುವಾಗ ಉಪಕರಣ ನಿಮ್ಮ ಪಾಸ್‌ವರ್ಡ್ ಅನ್ನೇ ಕೇಳಿದರೆ ಅಲ್ಲಿಗೇ ನಿಲ್ಲಿಸಿ. ಸರಿಯಾದ ಉಪಕರಣ ನಿಮ್ಮನ್ನು ಮೂಲ ತಾಣದ ಪುಟಕ್ಕೆ ಕಳಿಸುತ್ತದೆ, ಒಪ್ಪಿಗೆಯನ್ನು ನೀವು ಅಲ್ಲಿಯೇ ಕೊಡುತ್ತೀರಿ, ಪಾಸ್‌ವರ್ಡ್ ಉಪಕರಣದ ಕೈಗೆ ಹೋಗುವುದಿಲ್ಲ. ಬ್ಲೂಸ್ಕೈನಲ್ಲಿ ಆ್ಯಪ್‌ಗಳಿಗೆಂದೇ ಪ್ರತ್ಯೇಕ ಪಾಸ್‌ವರ್ಡ್ ಸೃಷ್ಟಿಸಿ ಕೊಡುವ ಸೌಲಭ್ಯವೂ ಇದೆ, ಬೇಡವಾದಾಗ ಅದೊಂದನ್ನೇ ರದ್ದು ಮಾಡಬಹುದು. ಒಪ್ಪಿಗೆಯ ಪರದೆಯಲ್ಲಿ ಓದುವ ಅನುಮತಿ ಮಾತ್ರವೇ, ಬರೆಯುವ ಅನುಮತಿಯೂ ಇದೆಯೇ, ನೇರ ಸಂದೇಶಗಳನ್ನೂ ಕೇಳುತ್ತಿದೆಯೇ ಎಂಬುದನ್ನು ಓದಬೇಕು. ಅಂಕಿಅಂಶ ತೋರಿಸುವ ಉಪಕರಣಕ್ಕೆ ನಿಮ್ಮ ಹೆಸರಿನಲ್ಲಿ ಬರೆಯುವ ಅನುಮತಿ ಏಕೆ ಬೇಕು ಎಂದು ಕೇಳಿಕೊಂಡರೆ ಹಲವು ಉಪಕರಣಗಳು ಅಲ್ಲಿಯೇ ತಿರಸ್ಕೃತವಾಗುತ್ತವೆ.

ಮರುಪ್ರಕಟಿಸುವ ಸೇವೆಗಳ ವಿಷಯದಲ್ಲಿ ನಾನು ಪೆಟ್ಟು ತಿಂದು ಕಲಿತಿದ್ದೇನೆ. ಒಮ್ಮೆ ಮೂರು ಖಾತೆಗಳನ್ನು ಎರಡು ಬೇರೆಬೇರೆ ಸೇವೆಗಳ ಮೂಲಕ ಜೋಡಿಸಿದ್ದೆ. ಒಂದನೆಯದರ ಪೋಸ್ಟ್ ಎರಡನೆಯದಕ್ಕೂ, ಎರಡನೆಯದರದು ಮೂರನೆಯದಕ್ಕೂ ಹೋಗುವಂತೆ ಏರ್ಪಡಿಸಿ, ಮೂರನೆಯದರಿಂದ ಮೊದಲನೆಯದಕ್ಕೆ ಹಳೆಯ ಜೋಡಣೆಯೊಂದು ಇನ್ನೂ ಜೀವಂತವಾಗಿರುವುದನ್ನು ಮರೆತಿದ್ದೆ. ರಾತ್ರಿ ಬರೆದ ಒಂದು ಸಾಲು ಗಾಣದ ಎತ್ತಿನಂತೆ ಸುತ್ತುತ್ತಾ ಬೆಳಗಾಗುವಷ್ಟರಲ್ಲಿ ನಲವತ್ತಕ್ಕೂ ಹೆಚ್ಚು ಬಾರಿ ಪ್ರಕಟವಾಗಿತ್ತು, ಕೆಲವರು ನನ್ನನ್ನು ಸದ್ದಿಲ್ಲದೆ ಬ್ಲಾಕ್ ಮಾಡಿದ್ದರು. ಜೋಡಣೆ ಮಾಡುವಾಗ ದಾರಿ ಒಮ್ಮುಖವಾಗಿರಲಿ, ಮೂಲ ಒಂದೇ ಇರಲಿ, ಯಾವುದರಿಂದ ಯಾವುದಕ್ಕೆ ಎಂಬುದನ್ನು ಕಾಗದದ ಮೇಲೆ ಬಾಣ ಹಾಕಿ ಬರೆದಿಡಿ. ಉದ್ದದ ಮಿತಿ ಬೇರೆಯಾಗಿರುವುದರಿಂದ 500 ಅಕ್ಷರದ ತಾಣದಿಂದ ಹೋದ ಬರಹ 280ರ ತಾಣದಲ್ಲಿ ವಾಕ್ಯದ ನಡುವೆ ತುಂಡಾಗುತ್ತದೆ, ಹ್ಯಾಂಡಲ್‌ಗಳು ಅಲ್ಲಿ ಬೇರೆ ಯಾರದೋ ಆಗಿಬಿಡುತ್ತವೆ. ನಾನು ಈಗ ಇಂಥ ಸೇವೆಗಳನ್ನು ಲೇಖನದ ಕೊಂಡಿ ಹಂಚಲು ಮಾತ್ರ ಬಳಸುತ್ತೇನೆ, ಮಾತುಕತೆಯನ್ನು ಆಯಾ ತಾಣದಲ್ಲಿಯೇ ಬರೆಯುತ್ತೇನೆ.

ಉಪಕರಣಗಳಿಗೂ ಸಾವುಂಟು, ಅದೂ ಅವು ಅವಲಂಬಿಸಿದ ತಾಣದ ಒಂದು ನಿರ್ಧಾರದಿಂದ. 2023ರ ಜನವರಿಯಲ್ಲಿ ಟ್ವಿಟರ್ ಹೊರಗಿನ ಆ್ಯಪ್‌ಗಳ ಪ್ರವೇಶವನ್ನು ತಡೆದಾಗ ಟ್ವೀಟ್‌ಬಾಟ್, ಟ್ವಿಟರಿಫಿಕ್‌ನಂತಹ ವರ್ಷಗಳಿಂದ ಬಳಕೆಯಲ್ಲಿದ್ದ ಆ್ಯಪ್‌ಗಳು ಏಕಾಏಕಿ ನಿಂತವು. ಅದೇ ವರ್ಷ ಹಲವು ಟೈಮ್‌ಲೈನ್‌ಗಳನ್ನು ಒಟ್ಟಿಗೆ ತೋರಿಸುವ, ಟ್ವಿಟರ್‌ನದೇ ಆದ ಟ್ವೀಟ್‌ಡೆಕ್ ಹಣ ಕೊಟ್ಟವರಿಗೆ ಮಾತ್ರ ಎಂದಾಯಿತು. ಹೀಗಾಗಿ ಉಪಕರಣಕ್ಕೆ ವರ್ಷದ ಚಂದಾ ಕಟ್ಟುವುದಕ್ಕಿಂತ ತಿಂಗಳ ಚಂದಾ ಆರಿಸುವುದು ಜಾಣತನ, ಮೊತ್ತ ತುಸು ಹೆಚ್ಚಾದರೂ ಸರಿ. ಬರೇ ಓದುವುದೇ ಉದ್ದೇಶವಾದರೆ ಹೊಸ ಬರಹಗಳನ್ನು ಓದುವ ಆ್ಯಪ್‌ಗೆ ತಾನಾಗಿ ತಂದುಕೊಡುವ ವ್ಯವಸ್ಥೆಯಾದ ಆರ್‌ಎಸ್‌ಎಸ್ ಸಾಕು. ಮ್ಯಾಸ್ಟೊಡಾನ್ ಮತ್ತು ಬ್ಲೂಸ್ಕೈಗಳ ಸಾರ್ವಜನಿಕ ಪ್ರೊಫೈಲ್‌ಗಳಿಗೆ ಆರ್‌ಎಸ್‌ಎಸ್ ಇರುವುದರಿಂದ ಖಾತೆಯನ್ನೇ ತೆರೆಯದೆ ಹತ್ತಾರು ಜನರ ಬರಹವನ್ನು ಓದಿ, ತಾಣದ ಮಾತಿನ ಹದ ಹೇಗಿದೆಯೆಂದು ಅರಿಯಬಹುದು.

ಗಡುವಿನ ದಿನ

ನಾಲ್ಕನೆಯ ವಾರದ ಕೊನೆಗೆ ಮೊದಲು ಬರೆದಿಟ್ಟ ಪ್ರಶ್ನೆಯನ್ನು ತೆಗೆದು ನೋಡಿ. ಹಿಂಬಾಲಕರ ಸಂಖ್ಯೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ, ಹೊಸ ತಾಣಗಳಲ್ಲಿ ಪರಸ್ಪರ ಹಿಂಬಾಲಿಸುವ ಭರಾಟೆಯಿಂದ ಅದು ಸುಳ್ಳೇ ಉಬ್ಬಿರುತ್ತದೆ. ನಾನು ಎಣಿಸುವುದು ಬೇರೆ: ಒಂದಕ್ಕಿಂತ ಹೆಚ್ಚು ಸಲ ಮಾತು ಮುಂದುವರಿದ ಸಂಭಾಷಣೆಗಳು ಎಷ್ಟು, ಓದಿ ಉಳಿಸಿಟ್ಟುಕೊಂಡ ಕೊಂಡಿಗಳು ಎಷ್ಟು, ತಾಣವನ್ನು ಮುಚ್ಚಿದಾಗ ಮನಸ್ಸು ಕದಡಿದ್ದ ದಿನಗಳು ಎಷ್ಟು. ಇದಕ್ಕೆ ಒಂದು ಸಣ್ಣ ಪುಸ್ತಕದಲ್ಲಿ ದಿನಕ್ಕೊಂದು ಸಾಲು ಬರೆದರೆ ಸಾಕು. ಮೂರನೆಯ ಸಂಖ್ಯೆ ದೊಡ್ಡದಾಗಿದ್ದರೆ ಮೊದಲ ಎರಡು ಎಷ್ಟಿದ್ದರೂ ನಾನು ಹೊರಡುತ್ತೇನೆ.

ಉಳಿಯುವುದಾದರೆ ತಿಂಗಳಿಗೊಮ್ಮೆ ಬರಹದ ಪ್ರತಿಯನ್ನು ಇಳಿಸಿಕೊಳ್ಳುವ ಅಭ್ಯಾಸ ಮಾಡಿಕೊಳ್ಳಿ. ಮ್ಯಾಸ್ಟೊಡಾನ್‌ನಲ್ಲಿ ಪೋಸ್ಟ್‌ಗಳ ಸಂಗ್ರಹವನ್ನು 7 ದಿನಕ್ಕೊಮ್ಮೆ ಕೋರಬಹುದು, ನೀವು ಹಿಂಬಾಲಿಸುವವರ ಪಟ್ಟಿ ಸಿಎಸ್‌ವಿ (ಕೋಷ್ಟಕವಾಗಿ ತೆರೆಯುವ) ಕಡತವಾಗಿ ಕೂಡಲೇ ಸಿಗುತ್ತದೆ. ಸರ್ವರ್ ಒಗ್ಗದಿದ್ದರೆ ತಾಣವನ್ನೇ ಬಿಡಬೇಕಾಗಿಲ್ಲ, ಬೇರೆ ಸರ್ವರ್‌ನಲ್ಲಿ ಖಾತೆ ತೆರೆದು ವರ್ಗಾವಣೆ ಆರಂಭಿಸಿದರೆ ಹಿಂಬಾಲಕರು ತಾವಾಗಿ ಹೊಸ ಖಾತೆಗೆ ಬರುತ್ತಾರೆ. ಹಳೆಯ ಪೋಸ್ಟ್‌ಗಳು ಬರುವುದಿಲ್ಲ, ಅವು ಹಳೆಯ ಸರ್ವರ್‌ನಲ್ಲಿಯೇ ಉಳಿಯುತ್ತವೆ. ಒಮ್ಮೆ ವರ್ಗಾವಣೆಯಾದ ಮೇಲೆ ಮತ್ತೊಮ್ಮೆ ಮಾಡಲು 30 ದಿನ ಕಾಯಬೇಕು.

ಬಿಡುವುದಾದರೆ ಆ್ಯಪ್ ಅಳಿಸಿದ ಮಾತ್ರಕ್ಕೆ ಖಾತೆ ಹೋಗುವುದಿಲ್ಲ ಎಂಬುದನ್ನು ನೆನಪಿಡಿ. ಕೆಲಸದ ಸರಣಿ ಹೀಗಿರಲಿ: ಬರಹದ ಪ್ರತಿ ಇಳಿಸಿಕೊಂಡು, ಆ ಕಡತ ನಿಜವಾಗಿ ತೆರೆಯುತ್ತದೆಯೇ ಎಂದು ನೋಡಿ, ಜೋಡಿಸಿದ ಉಪಕರಣಗಳ ಅನುಮತಿಯನ್ನು ತಾಣದ ಸೆಟ್ಟಿಂಗ್ಸ್‌ನಲ್ಲಿ ಒಂದೊಂದಾಗಿ ರದ್ದು ಮಾಡಿ, ಚಂದಾ ಇದ್ದರೆ ನಿಲ್ಲಿಸಿ, ಎಲ್ಲಿ ಸಿಗುತ್ತೀರಿ ಎಂಬ ಒಂದು ಸಾಲನ್ನು ಬರೆದು ಒಂದು ವಾರ ಬಿಡಿ, ಅನಂತರ ಖಾತೆ ಅಳಿಸುವ ಗುಂಡಿಯೊತ್ತಿ. ಎಕ್ಸ್‌ನಲ್ಲಿ ನಿಷ್ಕ್ರಿಯಗೊಳಿಸಿದ 30 ದಿನಗಳೊಳಗೆ ಮತ್ತೆ ಲಾಗಿನ್ ಆದರೆ ಖಾತೆ ಮರುಜೀವ ಪಡೆಯುತ್ತದೆ, ಆದ್ದರಿಂದ ಆ ಅವಧಿಯಲ್ಲಿ ಹಳೆಯ ಕೊಂಡಿಯೊಂದನ್ನು ಒತ್ತಿ ಆಕಸ್ಮಿಕವಾಗಿ ಲಾಗಿನ್ ಆಗದಂತೆ ಬ್ರೌಸರ್‌ನಲ್ಲಿ ಉಳಿಸಿದ ಪಾಸ್‌ವರ್ಡ್ ಅನ್ನು ತೆಗೆದುಬಿಡಿ. ಮ್ಯಾಸ್ಟೊಡಾನ್‌ನಲ್ಲಿ ಅಳಿಸಿದ ಹೆಸರನ್ನು ಅದೇ ಸರ್ವರ್‌ನಲ್ಲಿ ಮತ್ತೆ ಪಡೆಯಲು ನಿಮಗೂ ಬರುವುದಿಲ್ಲ, ಬೇರೆಯವರಿಗೂ ಬರುವುದಿಲ್ಲ. ಉಳಿದ ತಾಣಗಳಲ್ಲಿ ಅಳಿಸಿದ ಹೆಸರನ್ನು ಬೇರೆಯವರು ಪಡೆಯಬಹುದೇ ಎಂದು ಮೊದಲೇ ಓದಿಕೊಳ್ಳಿ, ಪಡೆಯಬಹುದಾದರೆ ಖಾತೆಯನ್ನು ಅಳಿಸದೆ, ಪೋಸ್ಟ್‌ಗಳನ್ನು ಮಾತ್ರ ತೆಗೆದು, ಪ್ರೊಫೈಲ್‌ನಲ್ಲಿ ನಿಮ್ಮ ಈಗಿನ ವಿಳಾಸ ಬರೆದು ಬೀಗ ಹಾಕಿಡುವುದು ಸುರಕ್ಷಿತ.